ವಿದೇಶದಿಂದ ಟ್ಯಾಟೂ ಮಷಿನ್ ತರಿಸುತ್ತೀರಾ? ದುಡ್ಡು ಕಟ್ಟುವ ಮುಂಚೆ ಕಾರ್ಟ್ ಬಿಡಿಸಿ ನೋಡಿ

ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಕೂತಿದ್ದೆ. ಒಂದು ರೋಟರಿ ಮಷಿನ್, ನಾಲ್ಕು ಬಣ್ಣ, ಎರಡು ಬಾಕ್ಸ್ ಕಾರ್ಟ್ರಿಜ್ (ಮಷಿನ್‌ಗೆ ಸಿಕ್ಕಿಸುವ ಸೂಜಿಯ ಕೊಳವೆ), ಜೊತೆಗೆ 'ನೋವೇ ಆಗಲ್ಲ' ಅನ್ನುವ ಕ್ರೀಮ್ ಒಂದು ಟ್ಯೂಬ್. ಎಲ್ಲವನ್ನೂ ಒಂದೇ ಕಾರ್ಟ್‌ಗೆ ಹಾಕಿ ದುಡ್ಡು ಕಟ್ಟಿಬಿಟ್ಟೆ. ಅದು ನನ್ನ ಮೊದಲ ವಿದೇಶಿ ಆರ್ಡರ್. ಪಾರ್ಸಲ್ ಎಂಟೇ ದಿನಕ್ಕೆ ಬೆಂಗಳೂರಿಗೆ ಬಂತು. ನನ್ನ ಕೈಗೆ ಸಿಗಲು ಮಾತ್ರ ಮತ್ತೊಂದು ತಿಂಗಳಾಯಿತು. ತಡವಾಗಿದ್ದು ಮಷಿನ್‌ನಿಂದಲ್ಲ, ಆ ಟ್ಯೂಬಿನಿಂದ. ನಮ್ಮಜ್ಜಿಯ ಮುಂಗೈ ಮೇಲಿದ್ದ ಹಚ್ಚೆಗೆ ಸೂಜಿ, ಮಸಿ ಇಷ್ಟೇ ಸಾಕಾಗಿತ್ತು. ಯಾವ ಕಸ್ಟಮ್ಸ್ ಡ್ಯೂಟಿಯೂ ಇರಲಿಲ್ಲ!

ಅದಕ್ಕೇ ಮೊದಲ ಕೆಲಸ: ಕಾರ್ಟ್‌ನಲ್ಲಿರುವ ಒಂದೊಂದು ಸಾಮಾನನ್ನೂ ಬೇರೆಬೇರೆಯಾಗಿ ನೋಡಿ. ನಮಗೆ ಅದೆಲ್ಲ 'ಟ್ಯಾಟೂ ಕಿಟ್'. ಕಸ್ಟಮ್ಸ್‌ನವರಿಗೆ ಮಷಿನ್ ಒಂದು ಬಗೆ, ಬ್ಯಾಟರಿ ಇನ್ನೊಂದು, ಶಾಯಿ ಮತ್ತೊಂದು. ಮರಗಟ್ಟಿಸುವ ಕ್ರೀಮ್ ಅಂತೂ ಔಷಧ.

ಕ್ರೀಮನ್ನು ಸುಮ್ನೆ ತೆಗೆದುಹಾಕಿ. ಅದರಲ್ಲಿ ಸಾಮಾನ್ಯವಾಗಿ ಲಿಡೊಕೇನ್ ಎಂಬ ಮರಗಟ್ಟಿಸುವ ಔಷಧ ಇರುತ್ತದೆ. ಔಷಧ ಆಮದಿಗೆ ಲೈಸೆನ್ಸ್ ಬೇಕು. ಸ್ವಂತಕ್ಕೆ ಸ್ವಲ್ಪವೇ ತರಿಸುವುದಾದರೂ ಫಾರ್ಮ್ 12ಎ ತುಂಬಿ, 12ಬಿ ಪರ್ಮಿಟ್ ಪಡೆಯಬೇಕು. ಒಂದು ಟ್ಯೂಬಿಗಾಗಿ ಯಾರು ಓಡಾಡುತ್ತಾರೆ? ಬೇಕೇ ಬೇಕು ಅಂದರೆ ಇಲ್ಲೇ ಡಾಕ್ಟರನ್ನು ಕೇಳಿ, ಮೆಡಿಕಲ್ ಶಾಪಿನಲ್ಲಿ ತೆಗೆದುಕೊಳ್ಳಿ.

ಶಾಯಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಇದು ಚರ್ಮದ ಒಳಗೆ ಹೋಗಿ ಜೀವನಪೂರ್ತಿ ಕೂರುವ ವಸ್ತು. 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಪರೀಕ್ಷೆ ಮಾಡಿಸಿದ ಟ್ಯಾಟೂ ಶಾಯಿಯಲ್ಲಿ 22 ಲೋಹಗಳು ಸಿಕ್ಕಿವೆ ಎಂದಿದ್ದರು. ಇದಕ್ಕೆಂದೇ ಬಿಐಎಸ್‌ನ (ಕೇಂದ್ರದ ಗುಣಮಟ್ಟ ಸಂಸ್ಥೆ) ಮಾನದಂಡ ಬೇಕೆಂದು ಕೇಂದ್ರಕ್ಕೆ ಬರೆಯುವುದಾಗಿಯೂ ಹೇಳಿದ್ದರು. ಯುರೋಪ್ ಒಕ್ಕೂಟ 2022ರ ಜನವರಿ 4ರಿಂದಲೇ ಶಾಯಿಯಲ್ಲಿನ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ನೀಲಿ 15:3 ಮತ್ತು ಹಸಿರು 7 ಅನ್ನುವ ಎರಡು ಪಿಗ್ಮೆಂಟಿಗೆ (ಬಣ್ಣದ ಪುಡಿಗೆ) ಒಂದು ವರ್ಷ ಜಾಸ್ತಿ ಸಮಯ ಕೊಟ್ಟು, 2023ರ ಜನವರಿಯಿಂದ ಅವುಗಳಿಗೂ ಬಾಗಿಲು ಹಾಕಿತು. ಬಾಟಲಿಯ ಲೇಬಲ್ಲಿನಲ್ಲಿ ಸಿಐ (ಕಲರ್ ಇಂಡೆಕ್ಸ್, ಬಣ್ಣದ ಗುರುತು ಸಂಖ್ಯೆ) ಅಂತ ಬರೆದು ಐದು ಅಂಕಿ ಇರುತ್ತದೆ. 74160 ಕಂಡರೆ ಆ ನೀಲಿಯ ಗುಂಪು, 74260 ಕಂಡರೆ ಆ ಹಸಿರು. ಸಿಐ ನಂಬರ್, ಲಾಟ್ (ಬ್ಯಾಚ್) ನಂಬರ್, ಎಕ್ಸ್‌ಪೈರಿ, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಬಾಟಲಿ ಬೇಡ. ಕಸ್ಟಮ್ಸ್‌ನವರು ಶಾಯಿಯನ್ನು ಸೌಂದರ್ಯವರ್ಧಕದ ಲೆಕ್ಕಕ್ಕೆ ಸೇರಿಸಿದರೆ 2020ರ ಕಾಸ್ಮೆಟಿಕ್ಸ್ ನಿಯಮದ ನೋಂದಣಿ ಪತ್ರ ಕೇಳಬಹುದು. ನಾನು ಈಗ ಶಾಯಿಯನ್ನು ಇಲ್ಲಿನ ಡೀಲರ್ ಹತ್ತಿರವೇ ಬಿಲ್ ಸಮೇತ ಕೊಳ್ಳುತ್ತೇನೆ. ನಾಲ್ಕು ಕಾಸು ಜಾಸ್ತಿಯಾದರೂ ಪರವಾಗಿಲ್ಲ.

ವೈರ್‌ಲೆಸ್ ಮಷಿನ್ ಆದರೆ ಬ್ಯಾಟರಿಯನ್ನು ಹೇಗೆ ಕಳಿಸುತ್ತಾರೆ ಎಂದು ಮಾರುವವರನ್ನು ಕೇಳಿ. ಮಷಿನ್ ಜೊತೆ ಬರುವ ಲಿಥಿಯಂ ಬ್ಯಾಟರಿಗೆ ಸಾಗಣೆಯ ಗುರುತು ಸಂಖ್ಯೆ ಯುಎನ್ 3481, ಬಿಡಿಯಾಗಿ ಬರುವುದಕ್ಕೆ ಯುಎನ್ 3480. ಬಿಡಿ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದ ಕಾರ್ಗೋದಲ್ಲಿ ಸಾಗಿಸುವುದು 2016ರ ಏಪ್ರಿಲ್ 1ರಿಂದ ಬಂದ್. ಹಾಗಾಗಿ 'ಒಂದು ಎಕ್ಸ್‌ಟ್ರಾ ಬ್ಯಾಟರಿನೂ ಇರಲಿ' ಅಂತ ಸೇರಿಸಿದರೆ ಅದೇ ಇಡೀ ಪಾರ್ಸಲನ್ನು ಹಿಡಿದು ನಿಲ್ಲಿಸಬಹುದು. ಇಂಥ ಬ್ಯಾಟರಿಗಳಿಗೆ ನಮ್ಮಲ್ಲಿ ಬಿಐಎಸ್ ನೋಂದಣಿ ಕಡ್ಡಾಯ ಎಂಬುದೂ ನೆನಪಿರಲಿ. ಮಷಿನ್‌ನಲ್ಲಿ ಬ್ಲೂಟೂತ್ ಇದ್ದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ವೈರ್‌ಲೆಸ್ ಉಪಕರಣಗಳಿಗೆ ಕೊಡುವ ಇಟಿಎ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ. ನನ್ನನ್ನು ಕೇಳಿದರೆ, ಮೊದಲ ಸಲಕ್ಕೆ ವೈರ್ ಇರುವ ಮಷಿನ್ನೇ ವಾಸಿ.

ಇನ್ನು ದುಡ್ಡಿನ ಲೆಕ್ಕ. ಸೈಟಿನಲ್ಲಿ ಕಾಣುವ ಬೆಲೆ ನಿಜವಾದ ಬೆಲೆಯಲ್ಲ. ಮಷಿನ್ 12,000 ರೂಪಾಯಿ, ಸಾಗಣೆ 2,000 ಅಂತಿಟ್ಟುಕೊಳ್ಳಿ. ಡ್ಯೂಟಿ ಹಾಕುವುದು ಸಾಗಣೆ, ವಿಮೆ ಎರಡನ್ನೂ ಸೇರಿಸಿದ ಮೊತ್ತದ ಮೇಲೆ. ವಿಮೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಸಾಮಾನಿನ ಬೆಲೆಯ 1.125 ಶೇಕಡಾ ಹಿಡಿಯುತ್ತಾರೆ. ನೀವು ವಿಮೆ ಮಾಡಿಸಿಲ್ಲದಿದ್ದರೂ ಲೆಕ್ಕಕ್ಕೆ 135 ರೂಪಾಯಿ ಸೇರಿ 14,135 ಆಯಿತು. ಬೇಸಿಕ್ ಡ್ಯೂಟಿ ಶೇ 10 ಎಂದುಕೊಂಡರೆ 1,414. ಆ ಡ್ಯೂಟಿಯ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್, 141. ಇದೆಲ್ಲ ಕೂಡಿದ್ದರ ಮೇಲೆ ಶೇ 18 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), ಸುಮಾರು 2,824. ಒಟ್ಟು 4,379 ರೂಪಾಯಿ ತೆರಿಗೆ. ಅಂದರೆ 12,000ದ ಮಷಿನ್ ಮನೆ ಮುಟ್ಟುವಾಗ 18,000 ದಾಟಿರುತ್ತದೆ. ಕೊರಿಯರ್ ಕಂಪನಿಯ ಕ್ಲಿಯರೆನ್ಸ್ ಚಾರ್ಜ್ ಇನ್ನೂ ಬೇರೆ. ಇಲ್ಲಿ ಹಿಡಿದ ದರಗಳು ಲೆಕ್ಕ ತೋರಿಸಲು ಮಾತ್ರ. ಸಾಮಾನಿನ ವರ್ಗ ಬದಲಾದರೆ ದರವೂ ಬದಲಾಗುತ್ತದೆ, ಬಜೆಟ್ ಬಂದಾಗಲೂ ಬದಲಾಗುತ್ತದೆ. ಆರ್ಡರ್ ಮಾಡುವ ದಿನ ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

'ಗಿಫ್ಟ್ ಅಂತ ಬರೆದು, ಇಪ್ಪತ್ತು ಡಾಲರ್ ಅಂತ ಹಾಕಿ ಕಳಿಸ್ತೀನಿ' ಎಂದು ಮಾರುವವರೇ ಆಸೆ ತೋರಿಸುತ್ತಾರೆ. ಬೇಡ ಅಂತ ಬರೆದೇ ತಿಳಿಸಿ. 5,000 ರೂಪಾಯಿವರೆಗಿನ ಗಿಫ್ಟ್‌ಗೆ ಇದ್ದ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ಈಗ ಉಳಿದಿರುವುದು ರಾಖಿ ಮತ್ತು ಜೀವ ಉಳಿಸುವ ಔಷಧಕ್ಕೆ ಮಾತ್ರ. ಕಸ್ಟಮ್ಸ್‌ನವರು ನಿಮ್ಮ ಕಾರ್ಡ್ ಪಾವತಿಯ ದಾಖಲೆ ಕೇಳಿದರೆ ಸುಳ್ಳು ತಕ್ಷಣ ಹೊರಬೀಳುತ್ತದೆ. ಸುಳ್ಳು ಬರೆದವರು ಅವರಾದರೂ ಮಾಲು ಜಪ್ತಿಯಾಗುವುದು, ದಂಡ ಬೀಳುವುದು ಇಲ್ಲಿರುವ ನಮಗೆ ಅಲ್ವಾ?

ಯಾರ ಹೆಸರಿನಲ್ಲಿ ತರಿಸುತ್ತೀರಿ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಮನೆಯಲ್ಲಿ ಕಲಿಯಲು ಒಂದು ಮಷಿನ್ ಆದರೆ ಸ್ವಂತ ಬಳಕೆ. ಆಧಾರ್‌ನಂಥ ಕೆವೈಸಿ ಸಾಕು. ಸ್ಟುಡಿಯೊಗೆ ಅಂದರೆ ವ್ಯಾಪಾರ. ಅದಕ್ಕೆ ವಿದೇಶ ವ್ಯಾಪಾರದ ಕೇಂದ್ರ ಇಲಾಖೆ ಡಿಜಿಎಫ್‌ಟಿ ಕೊಡುವ ಐಇಸಿ, ಅಂದರೆ ಆಮದು-ರಫ್ತು ಕೋಡ್ ಬೇಕು. ಆನ್‌ಲೈನ್‌ನಲ್ಲೇ ಸಿಗುತ್ತದೆ, ಶುಲ್ಕ 500 ರೂಪಾಯಿ, ನಂಬರ್ ನಿಮ್ಮ ಪ್ಯಾನ್‌ನದ್ದೇ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡುವುದನ್ನು ಮರೆಯಬೇಡಿ, ಮರೆತರೆ ನಿಷ್ಕ್ರಿಯವಾಗುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರು ಆ ನಂಬರನ್ನೂ ಕೊಟ್ಟರೆ, ಕಟ್ಟಿದ ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆದು, ಮುಂದೆ ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಕಾರ್ಟ್ರಿಜ್ ಇನ್ನೂರು ಬಾಕ್ಸ್ ತರಿಸಿ 'ಸ್ವಂತಕ್ಕೆ' ಅಂದರೆ ಯಾರೂ ನಂಬುವುದಿಲ್ಲ ಬಿಡಿ.

ಪಾರ್ಸಲ್ ಬಂದ ಮೇಲೆ ಕೊರಿಯರ್‌ನವರಿಂದ ಇಮೇಲ್ ಬರುತ್ತದೆ. ಇನ್‌ವಾಯ್ಸ್, ಪಾವತಿಯ ರಸೀದಿ, ಸೈಟಿನ ಪುಟದ ಸ್ಕ್ರೀನ್‌ಶಾಟ್ ಮೂರನ್ನೂ ಅವತ್ತೇ ಕಳಿಸಿ. ತಡ ಮಾಡಿದಷ್ಟೂ ಗೋಡೌನ್ ಬಾಡಿಗೆ ಏರುತ್ತದೆ.

ಡಬ್ಬ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಇದೆಯೇ ನೋಡದೆ ಪ್ಲಗ್‌ಗೆ ಹಾಕಬೇಡಿ. ಆಮೇಲೆ ಸೂಜಿ. 1203 ಆರ್‌ಎಲ್ ಅಂದರೆ 0.35 ಮಿಲಿಮೀಟರ್ ದಪ್ಪದ ಮೂರು ಸೂಜಿಯ ರೌಂಡ್ ಲೈನರ್ (ಗೆರೆ ಎಳೆಯುವ ಸೂಜಿಗೊಂಚಲು); ನೀವು ಕೇಳಿದ್ದೇ ಬಂದಿದೆಯೇ ಎಂದು ನೋಡಿ. ಪ್ರತಿ ಪ್ಯಾಕೆಟಿನಲ್ಲೂ ಇಒ ಗ್ಯಾಸ್ (ಕ್ರಿಮಿ ಕೊಲ್ಲಲು ಬಳಸುವ ಎಥಿಲೀನ್ ಆಕ್ಸೈಡ್) ಅಂತ ಬರೆದಿರಬೇಕು, ಲಾಟ್ ನಂಬರ್, ಎಕ್ಸ್‌ಪೈರಿ ಇರಬೇಕು. ಪ್ಯಾಕೆಟನ್ನು ಬೆಳಕಿಗೆ ಹಿಡಿದು, ಸೂಜಿಯ ತುದಿ ಕವರನ್ನು ಚುಚ್ಚಿದೆಯೇ ಎಂದು ಒಂದೊಂದನ್ನೇ ನೋಡುತ್ತೇನೆ. ಇಪ್ಪತ್ತರಲ್ಲಿ ಒಂದೆರಡು ಹೀಗೆ ಸಿಕ್ಕೇ ಸಿಗುತ್ತವೆ. ಅವು ಮೈಮೇಲೆ ಬಳಸಲು ಯೋಗ್ಯವಲ್ಲ; ಪ್ರಾಕ್ಟೀಸ್ ಸ್ಕಿನ್ (ಕಲಿಯಲು ಬಳಸುವ ನಕಲಿ ಚರ್ಮ) ಡಬ್ಬಕ್ಕೆ ಹಾಕಿ, ಮೇಲೆ ಕೆಂಪು ಟೇಪ್ ಅಂಟಿಸಿಬಿಡುತ್ತೇನೆ.