ಶ್ರಾವಣದ ಬಾಡಿನ ಸಾರು: ಮೈದಾ ಅಂಟು ನನ್ನ ಕೈಗೆ ಒಗ್ಗಿದ ಬಗೆ

ಮಂಡ್ಯ ಕಡೆಯ ನಮ್ಮ ಮನೆಯಲ್ಲಿ ಶ್ರಾವಣ ಮಾಸ ಪೂರ್ತಿ ಬಾಡು, ಅಂದರೆ ಮಾಂಸ, ಬೇಯಿಸುವುದಿಲ್ಲ. ಆ ಒಂದು ತಿಂಗಳು ಮುದ್ದೆಯ ಮುಂದೆ ಕೂರುವವರ ಮುಖ ನೋಡಿಯೇ ನಾನು ಬಾಡಿಲ್ಲದೆ ಬಾಡಿನ ಸಾರು ಮಾಡುವ ಈ ಪ್ರಯೋಗಕ್ಕೆ ಇಳಿದದ್ದು. ಮೂರು ವರ್ಷ ಕೈ ಸುಟ್ಟುಕೊಂಡೆ. ಸುಮಾರು ಒಂಬತ್ತು ಸಾವಿರ ರೂಪಾಯಿ ಹೋಗಿರಬಹುದು. ನಮ್ಮ ಅತ್ತೆಯವರಂತೂ ‘ಹಿಟ್ಟು ಹಿಟ್ಟೇ, ಬಾಡು ಬಾಡೇ’ ಎಂದು ಮೊದಲ ದಿನವೇ ತೀರ್ಪು ಕೊಟ್ಟಿದ್ದರು. ಹೋದ ಶ್ರಾವಣದಲ್ಲಿ ಸಾರು ಸರಿಯಾಗಿ ನಿಂತಿತು, ಆದ್ದರಿಂದ ಬರೆಯುತ್ತಿದ್ದೇನೆ.

ಎಲ್ಲರಂತೆ ನಾನೂ ಮೀಲ್ ಮೇಕರ್‌ನಿಂದಲೇ ಆರಂಭಿಸಿದೆ. ಸೋಯಾ ಉಂಡೆಗಳನ್ನು ಕುದಿಸಿ, ಮೂರು ಬಾರಿ ತಣ್ಣೀರಿನಲ್ಲಿ ಹಿಂಡಿ ಹಾಕಿದರೆ ವಾಸನೆ ಹೋಗುತ್ತದೆ, ನಿಜ. ಆದರೆ ಹುರಿದ ಮಸಾಲೆಯ ಸಾರಿನಲ್ಲಿ ಅವು ಅರ್ಧ ಗಂಟೆಯಲ್ಲಿ ರಸವನ್ನೆಲ್ಲ ಹೀರಿ ಊದಿಕೊಂಡು, ಪಾತ್ರೆಯಲ್ಲಿ ಸಾರಿನ ಬದಲು ಗೊಜ್ಜು ಉಳಿಯುತ್ತಿತ್ತು. ಎರಡನೆಯದು ಗುಜ್ಜೆ. ಎಳೆ ಹಲಸಿನ ನಾರು ಸುಕ್ಕಕ್ಕೂ ಬಿರಿಯಾನಿಗೂ ಬಹಳ ಚೆನ್ನಾಗಿ ಹೊಂದುತ್ತದೆ, ಅದನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಮುದ್ದೆಯ ಸಾರಿಗೆ ಬೇಕಾದ ಅಗಿತ ಅದರಲ್ಲಿಲ್ಲ, ಜೊತೆಗೆ ಶ್ರಾವಣ ಬರುವ ಹೊತ್ತಿಗೆ ಗುಜ್ಜೆಯ ಕಾಲವೇ ಮುಗಿದಿರುತ್ತದೆ. ಅಂಗಡಿಯಲ್ಲಿ ಸಿಗುವ, ಮಾಂಸದ ಬದಲಿಗೆ ಬಳಸುವ ಸಸ್ಯಾಹಾರಿ ತುಂಡುಗಳ ತಯಾರು ಪೊಟ್ಟಣವನ್ನೂ ತಂದೆ. ಕಾಲು ಕಿಲೋಗೆ ಮುನ್ನೂರು ರೂಪಾಯಿಗೂ ಹೆಚ್ಚು ಕೊಟ್ಟೆ, ಅದೂ ಎರಡು ಪೊಟ್ಟಣ. ಕುದಿಯುವ ಸಾರಿಗೆ ಹಾಕಿದ ಹತ್ತು ನಿಮಿಷಕ್ಕೆ ತುಂಡುಗಳು ಪುಡಿಪುಡಿಯಾಗಿ ತೇಲಿದವು. ಬಾಣಲೆಯಲ್ಲಿ ಒಣಗಿಸಿ ಹುರಿಯುವುದಕ್ಕೆ ಮಾಡಿದ್ದನ್ನು ಸಾರಿಗೆ ಹಾಕಿದ್ದು ನನ್ನ ತಪ್ಪೇ ಇರಬಹುದು, ಆದರೆ ಆ ದುಡ್ಡಿನ ನೋವು ಇನ್ನೂ ಹೋಗಿಲ್ಲ.

ಮೈದಾ ಅಂಟಿನ, ಅಂದರೆ ಗ್ಲುಟೆನ್‌ನ, ಕಡೆ ನನ್ನ ಕಣ್ಣು ಹೋದದ್ದು ನಮ್ಮಮ್ಮನ ಗೋಧಿ ಹಾಲುಬಾಯಿಯನ್ನು ನೆನೆಸಿಕೊಂಡಾಗ. ನೆನೆಸಿದ ಗೋಧಿಯನ್ನು ರುಬ್ಬಿ ಹಾಲು ಹಿಂಡಿದ ಮೇಲೆ ಉಳಿಯುವ ರಬ್ಬರಿನಂತಹ ಜಿಗುಟನ್ನು ಅಮ್ಮ ಹಸುವಿನ ಬಾನಿಗೆ ಹಾಕುತ್ತಿದ್ದರು. ನಾವು ಇಷ್ಟು ದುಡ್ಡು ಕೊಟ್ಟು ಹುಡುಕುತ್ತಿದ್ದ ಅಗಿತ ಆ ಬಾನಿಯಲ್ಲಿತ್ತು.

ಕಲಸಿದ ಮೈದಾ ಹಿಟ್ಟನ್ನು ನೀರಿನಲ್ಲಿ ಹಿಸುಕಿ, ನೀರು ಬದಲಿಸುತ್ತಾ ತೊಳೆದರೆ ಹಾಲು ಇಳಿದು ಅಂಟು ಉಳಿಯುತ್ತದೆ, ಅದನ್ನು ಹೆಚ್ಚು ವಿವರಿಸುವುದಿಲ್ಲ. ನಾನು ಎಡವಿದ ಜಾಗಗಳನ್ನಷ್ಟೇ ಹೇಳುತ್ತೇನೆ. ಮೊದಲನೆಯದು, ನೀರು ತಿಳಿಯಾಗುವವರೆಗೂ ತೊಳೆದದ್ದು. ಹಾಗೆ ಮಾಡಿದರೆ ಅಂಟು ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗುತ್ತದೆ. ಈಗ ಐದನೆಯ ನೀರಿಗೆ ನಿಲ್ಲಿಸುತ್ತೇನೆ. ನೀರು ಅಕ್ಕಿ ತೊಳೆದ ನೀರಿನಷ್ಟು ಮಬ್ಬಾಗಿರಬೇಕು. ಒಂದು ಕಿಲೋ ಮೈದಾಕ್ಕೆ ಮುನ್ನೂರೈವತ್ತರಿಂದ ನಾನೂರು ಗ್ರಾಂ ಹಸಿ ಅಂಟು ಸಿಗುತ್ತದೆ. ಎರಡನೆಯ ತಪ್ಪು, ಅದನ್ನು ತುಂಡು ಮಾಡಿ ನೇರವಾಗಿ ಕೊತಕೊತ ಕುದಿಯುವ ನೀರಿಗೆ ಹಾಕಿದ್ದು. ಜೋರಾಗಿ ಕುದಿದರೆ ಅಂಟು ಉಬ್ಬಿ, ಒಳಗೆಲ್ಲ ತೂತು ತೂತಾಗಿ ಸ್ಪಂಜಿನಂತಾಗುತ್ತದೆ. ಆ ದಿನ ನನ್ನ ಮಗ ತುಂಡೊಂದನ್ನು ನೆಲಕ್ಕೆ ಎಸೆದು ಪುಟಿಸಿ ತೋರಿಸಿದ. ನಾನು ಇಡೀ ಪಾತ್ರೆ ಸಾರನ್ನು ಸೋಸಿ, ಬರೀ ರಸವನ್ನು ಅನ್ನಕ್ಕೆ ಬಡಿಸಬೇಕಾಯಿತು.

ದಾರಿ ತೋರಿಸಿದ್ದು ಇಡ್ಲಿ ಪಾತ್ರೆ. ನೀರು ಬಸಿದ ಅಂಟಿಗೆ ಉಪ್ಪು, ಸ್ವಲ್ಪ ಅಚ್ಚಖಾರದ ಪುಡಿ, ಬೆಳ್ಳುಳ್ಳಿ ಅರೆದದ್ದು ಮತ್ತು ಇನ್ನೆರಡು ಪದಾರ್ಥಗಳನ್ನು ಉಜ್ಜಿ, ಉದ್ದಕ್ಕೆ ಎಳೆದು, ಜಡೆ ಹೆಣೆದಂತೆ ಹೆಣೆದು, ಅದನ್ನು ಮತ್ತೆ ಗಂಟು ಹಾಕುತ್ತೇನೆ. ಈ ಹೆಣಿಗೆಯಿಂದಲೇ ಒಳಗೆ ಎಳೆಎಳೆಯಾಗಿ ನಾರು ಮೂಡುತ್ತದೆ. ಆಮೇಲೆ ಬಾಡಿಸಿದ ಬಾಳೆಲೆಯಲ್ಲಿ ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಐವತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡಬೇಕು. ಫ್ರಿಜ್ಜಿನಲ್ಲಿ ಇಡದೆ ಅವಸರ ಮಾಡಿದ ಮೂರು ಸಲವೂ ನನಗೆ ಸೋಲೇ ಆಯಿತು. ಮರುದಿನ ಚಾಕು ಮುಟ್ಟಿಸದೆ ಕೈಯಲ್ಲೇ ಹರಿಯಬೇಕು, ಏಕೆಂದರೆ ಹರಿದ ಅಂಚಿಗೆ ಹಿಡಿಯುವಷ್ಟು ಮಸಾಲೆ ಕತ್ತರಿಸಿದ ಅಂಚಿಗೆ ಹಿಡಿಯುವುದಿಲ್ಲ. ಆ ಇನ್ನೆರಡು ಪದಾರ್ಥಗಳು ಯಾವುವೆಂದು ಇಲ್ಲಿ ಹೇಳುವುದಿಲ್ಲ. ಕಳೆದ ಶ್ರಾವಣದಲ್ಲಿ ಹನ್ನೊಂದು ಮನೆಯವರು ನನ್ನಿಂದ ದುಡ್ಡು ಕೊಟ್ಟು ಮಾಡಿಸಿಕೊಂಡರು, ಅಷ್ಟು ಗುಟ್ಟು ನನಗಿರಲಿ.

ತುಂಡಿಗಿಂತ ಸಾರಿನ ತಳವೇ ನನ್ನನ್ನು ಹೆಚ್ಚು ಕಾಡಿತು. ಬಾಡಿನ ಸಾರಿನ ರುಚಿಯಲ್ಲಿ ಮುಕ್ಕಾಲು ಪಾಲು ಮೂಳೆಯದು ಮತ್ತು ಕೊಬ್ಬಿನದು. ನಮ್ಮ ತುಂಡಿನಿಂದ ಇವೆರಡೂ ಇಳಿಯುವುದಿಲ್ಲ. ಅಂಟನ್ನು ಮಾಂಸದಂತೆ ಮಸಾಲೆಯ ಜೊತೆಗೇ ಬೇಯಲು ಬಿಟ್ಟು ಎರಡು ವರ್ಷ ಹಾಳು ಮಾಡಿಕೊಂಡೆ. ಈಗ ಕಾಲು ಕಿಲೋ ಅಣಬೆಯನ್ನು, ಕೆಂಡದ ಮೇಲೆ ಕಪ್ಪಾಗುವಂತೆ ಸುಟ್ಟ ಎರಡು ಈರುಳ್ಳಿ ಮತ್ತು ಒಂದು ಚಿಟಿಕೆ ಕಲ್ಲುಹೂವಿನೊಂದಿಗೆ ಒಂದು ಗಂಟೆ ಕುದಿಸಿ ಸೋಸಿಕೊಳ್ಳುತ್ತೇನೆ. ಕಲ್ಲುಹೂವನ್ನು ಹುರಿಯದೆ ಹಾಕಬಾರದು, ಒಂದು ಚಿಟಿಕೆಗಿಂತ ಹೆಚ್ಚಾದರೆ ಕಹಿ. ಮಸಾಲೆಯ ಹಸಿ ವಾಸನೆ ಹೋಗುವವರೆಗೆ ಈ ನೀರಿನಲ್ಲಿ ಕುದಿಸಿ, ಎಣ್ಣೆಯಲ್ಲಿ ಕೆಂಪಗೆ ಹುರಿದ ತುಂಡುಗಳನ್ನು ಕೊನೆಯ ಹದಿನೈದು ನಿಮಿಷಕ್ಕೆ, ಸಣ್ಣ ಉರಿಯಲ್ಲಿ ಹಾಕುತ್ತೇನೆ. ಇಳಿಸುವ ಮುನ್ನ ಎರಡು ಚಮಚ ತುಪ್ಪ ಬಿದ್ದರೆ ಮೇಲೆ ಜಿಡ್ಡು ನಿಲ್ಲುತ್ತದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ತೋಫುವನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಕರಗಿಸಿ, ಹಿಂಡಿ ಹುರಿದ ಕೋಳಿಯಂತೆ ಮಾಡಿದ್ದು ಪರವಾಗಿಲ್ಲ ಎನ್ನುವಂತಿತ್ತು. ಸೋಯಾ ರವೆಗೆ ಹುರಿಗಡಲೆ ಪುಡಿ ಸೇರಿಸಿ ಕಟ್ಟಿದ ಕೈಮಾ ಉಂಡೆಯಂತೂ ಮೊದಲ ಸಲಕ್ಕೇ ಗೆದ್ದಿತು. ಒಡೆಯದಿರಬೇಕಾದರೆ ಉಂಡೆಗಳನ್ನು ಹಬೆಯಲ್ಲಿ ಬೇಯಿಸಿ ಸಾರಿಗೆ ಬಿಡಬೇಕು. ಹಿಟ್ಟು ತೊಳೆದ ನೀರನ್ನು ಚೆಲ್ಲಬೇಡಿ. ರಾತ್ರಿ ತಳಕ್ಕೆ ಕೂರಲು ಬಿಟ್ಟು, ಮೇಲಿನ ನೀರನ್ನು ಬಗ್ಗಿಸಿ, ತಳದ ಗಟ್ಟಿ ಹಾಲಿಗೆ ಬೆಲ್ಲ, ಏಲಕ್ಕಿ, ತುಪ್ಪ ಸೇರಿಸಿ ಕೈಬಿಡದೆ ಕೆದಕಿದರೆ ಒಂದು ತಟ್ಟೆ ಹಾಲುಬಾಯಿ ಸಿಗುತ್ತದೆ. ಅಮ್ಮ ಹಾಲು ಇಟ್ಟುಕೊಂಡು ಅಂಟು ಬಿಸಾಡುತ್ತಿದ್ದರು. ನಮ್ಮಲ್ಲಿ ಈಗ ಎರಡೂ ಒಲೆಗೆ ಏರುತ್ತವೆ.

ಖರ್ಚು ಹೇಳುವುದಾದರೆ, ಮೈದಾ ಐವತ್ತು, ಅಣಬೆ ಅರವತ್ತು, ಮಸಾಲೆ, ಎಣ್ಣೆ, ತುಪ್ಪ ಎಲ್ಲ ಸೇರಿ ಎಂಬತ್ತು. ಆರು ಮಂದಿಗೆ ಇನ್ನೂರರ ಒಳಗೇ ಮುಗಿಯುತ್ತದೆ. ಮಟನ್ ಒಂದು ಕಿಲೋಗೆ ನಮ್ಮಲ್ಲಿ ಎಂಟುನೂರರ ಹತ್ತಿರವಿದೆ. ಶ್ರಮ ಮಾತ್ರ ಎರಡು ದಿನದ್ದು. ಗೋಧಿ ಆಗದವರು ಬಂದಾಗ ಇದನ್ನು ಬಡಿಸಬಾರದು, ಅವರಿಗೆ ಸೋಯಾ ಕೈಮಾ ಉಂಡೆಯೇ ಸರಿ.

ಹೋದ ಶ್ರಾವಣದ ಎರಡನೆಯ ಭಾನುವಾರ ಮಾವನವರು ಎರಡು ಮುದ್ದೆ ಮುಗಿಸಿ, ಕೈ ತೊಳೆಯುವ ಮುನ್ನ, ‘ಇದು ಬಾಡಲ್ಲ ಅಂತ ಗೊತ್ತು ಕಣಮ್ಮ, ಆದ್ರೂ ಬರೋ ವಾರನೂ ಮಾಡು’ ಎಂದರು. ಬಾಡೆಂದು ನಂಬಿಸುವ ಆಸೆ ನನಗೆ ಎಂದೂ ಇರಲಿಲ್ಲವಾದ್ದರಿಂದ ಆ ಮಾತು ನನಗೆ ಸಾಕಾಯಿತು. ಅತ್ತೆ ಮಾತ್ರ ಚೀಪಲು ಮೂಳೆಯಿಲ್ಲವೆಂದು ತಕರಾರು ತೆಗೆದರು. ಮುಂದಿನ ವಾರ ಅವರೇ ಹಿತ್ತಲಿನಿಂದ ನಾಲ್ಕು ನುಗ್ಗೆಕಾಯಿ ಕಿತ್ತು ತಂದು, ಬೆರಳುದ್ದ ಹೆಚ್ಚಿ ನನ್ನ ಪಾತ್ರೆಗೆ ಹಾಕಿದರು.