ಮೆಲಿಯೆಸ್‌ನ ಚಂದ್ರಯಾನಕ್ಕೆ ತಾಳಮದ್ದಳೆಯ ಅರ್ಥ

ಫ್ರೆಂಚ್ ನಿರ್ದೇಶಕ ಜಾರ್ಜ್ ಮೆಲಿಯೆಸ್ 1902ರಲ್ಲಿ ತೆಗೆದ ಚಂದ್ರಯಾನದ ಮೂಕಿಚಿತ್ರದಲ್ಲಿ ಬರಹದ ಫಲಕ ಒಂದೂ ಇಲ್ಲ. ಆಗಿನ ಪ್ರದರ್ಶನಗಳಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವವರು ಇರುತ್ತಿದ್ದರು. ಆ ಜಾಗಕ್ಕೆ ನಾನು ತಾಳಮದ್ದಳೆಯನ್ನು, ಅಂದರೆ ವೇಷ ಕುಣಿತಗಳಿಲ್ಲದೆ ಕೂತು ನಡೆಸುವ ಯಕ್ಷಗಾನವನ್ನು ತಂದೆ. ಭೂಮಿಯ ವಿಜ್ಞಾನಿಗಳಿಗೆ ಹಾಡುವ ಭಾಗವತರ ಪದ್ಯ, ಚಂದ್ರವಾಸಿಗಳಿಗೆ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ‘ಅರ್ಥ’, ಅಂದರೆ ಮಾತು. ವೇಷವೂ ಕುಣಿತವೂ ಪರದೆಯ ಮೇಲೆ ಆಗಲೇ ಇವೆ, ಬಾಕಿ ಇರುವುದು ಅರ್ಥ ಮಾತ್ರ. ದೃಶ್ಯಗಳ ಕ್ರಮವನ್ನು ಎಲ್ಲೂ ಮುಟ್ಟಲಿಲ್ಲ. ಕಥೆ ಯಾರ ಬಾಯಲ್ಲಿ ಬರುತ್ತದೆ ಎಂಬುದಷ್ಟೇ ಬದಲಾಯಿತು.

ಹಾಗಾಗಿ ಪ್ರತಿಯ ಆಯ್ಕೆಯೇ ಮೊದಲ ಕೆಲಸ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಪ್ರತಿಗಳಲ್ಲಿ ಕೊನೆಯ ಮೆರವಣಿಗೆ ಇಲ್ಲ. ಸೆರೆಸಿಕ್ಕ ಚಂದ್ರವಾಸಿಯನ್ನು ಜನರೆದುರು ಕುಣಿಸುವುದು ಅಲ್ಲೇ. ಅದಿಲ್ಲದೆ ಚಂದ್ರನ ಕಡೆಯ ಕಥೆ ಪೂರ್ತಿಯಾಗುವುದಿಲ್ಲ. ಬಣ್ಣದ ಪ್ರತಿಯನ್ನು ಬೇಕೆಂದೇ ಬಿಟ್ಟೆ. 1993ರಲ್ಲಿ ಬಾರ್ಸಿಲೋನಾದಲ್ಲಿ ಸಿಕ್ಕ ಆ ಪ್ರತಿಯನ್ನು ದುರಸ್ತಿ ಮಾಡಿ 2011ರಲ್ಲಿ ಕಾನ್ ಉತ್ಸವದಲ್ಲಿ ತೋರಿಸಿದರು. ಅದರ ಸಂಗೀತ ಹೊಸದು, ಅದಕ್ಕೆ ಹಕ್ಕುದಾರರಿದ್ದಾರೆ. ಮೂಲಚಿತ್ರದ ಹಕ್ಕು ಎಂದೋ ಮುಗಿದಿದೆ. ಭಾರತದಲ್ಲಿ ಚಲನಚಿತ್ರಕ್ಕೆ ಪ್ರಕಟಣೆಯಿಂದ 60 ವರ್ಷ. ಫ್ರಾನ್ಸಿನಲ್ಲಿ ಲೆಕ್ಕ ಕರ್ತೃವಿನ ಮರಣದಿಂದ, ಮೆಲಿಯೆಸ್ ತೀರಿಕೊಂಡದ್ದು 1938ರಲ್ಲಿ. ಕಪ್ಪುಬಿಳುಪು ಪ್ರತಿಯಲ್ಲೂ ಯಾರೋ ಸೇರಿಸಿದ ಸಂಗೀತವಿದ್ದರೆ ಆ ಆಡಿಯೋ ಟ್ರ್ಯಾಕನ್ನು ಮೊದಲೇ ಅಳಿಸಿಬಿಡಬೇಕು.

ಇನ್ನು ವೇಗ. ಚಿತ್ರದ ಉದ್ದ ಸುಮಾರು 260 ಮೀಟರ್. 35 ಮಿ.ಮೀ. ರೀಲಿನಲ್ಲಿ ಮೀಟರಿಗೆ 52.5 ಫ್ರೇಮ್, ಅಂದರೆ ಒಟ್ಟು ಸುಮಾರು 13,650. ಸೆಕೆಂಡಿಗೆ 16 ಫ್ರೇಮ್ ಓಡಿಸಿದರೆ 14 ನಿಮಿಷ 13 ಸೆಕೆಂಡ್. 24ರಲ್ಲಿ ಓಡಿಸಿದರೆ ಒಂಬತ್ತೂವರೆ ನಿಮಿಷಕ್ಕೇ ಮುಗಿಯುತ್ತದೆ. ಆ ವೇಗದಲ್ಲಿ ಸೆರೆಯಾಳಿನ ಕುಣಿತ ನಗೆ ತರಿಸುತ್ತದೆ. ನನಗೆ ಬೇಕಿದ್ದುದು ಅದರ ದಣಿವು. 16ಕ್ಕೇ ನಿಂತೆ.

ತೊಂದರೆ ಏನೆಂದರೆ, ಸಿಗುವ ಫೈಲುಗಳಲ್ಲಿ 16ನ್ನು 24 ಮಾಡಲು ಪ್ರತಿ ಎರಡು ಫ್ರೇಮಿಗೆ ಒಂದನ್ನು ಮತ್ತೆ ತುರುಕಿರುತ್ತಾರೆ. ನೋಡುವಾಗ ಚಿತ್ರ ತಡವರಿಸುತ್ತದೆ. ಅದನ್ನು ತೆಗೆಯಲು ವಿಡಿಯೋ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನ ಎಂಪಿಡೆಸಿಮೇಟ್ ಎಂಬ, ಒಂದೇ ಥರ ಕಾಣುವ ಫ್ರೇಮುಗಳನ್ನು ಕೈಬಿಡುವ ಫಿಲ್ಟರ್ ಬಳಸಿದರೆ ನಷ್ಟ. ಮೆಲಿಯೆಸ್‌ನ ಪಾತ್ರಗಳು ಅರೆಗಳಿಗೆ ಅಲುಗಾಡದೆ ನಿಲ್ಲುವ ಕಡೆ ಅದು ನಿಜವಾದ ಫ್ರೇಮುಗಳನ್ನೂ ನುಂಗುತ್ತದೆ. ಅದೇ ತಂತ್ರಾಂಶದ ಡೆಸಿಮೇಟ್ ಫಿಲ್ಟರನ್ನು ಸೈಕಲ್ 3ಕ್ಕೆ ಇಟ್ಟರೆ ಮೂರಕ್ಕೆ ಒಂದರಂತೆ ಮಾತ್ರ ತೆಗೆಯುತ್ತದೆ. ಕೊನೆಗೆ ಫ್ರೇಮುಗಳ ಎಣಿಕೆಯನ್ನು 13,650ರ ಜೊತೆ ಹೋಲಿಸಿ ನೋಡಿ; ಸಾವಿರಗಟ್ಟಲೆ ವ್ಯತ್ಯಾಸ ಬಂದರೆ ಪ್ರತಿಯಲ್ಲೇ ಕೊರತೆಯಿದೆ. ಎರಡು ಫ್ರೇಮು ಒಂದರೊಳಗೊಂದು ಬೆರೆತು ಮಸುಕಾಗಿದ್ದರೆ ದುರಸ್ತಿಗೆ ಕೂರಬೇಡಿ, ಬೇರೆ ಪ್ರತಿ ಹುಡುಕಿ.

ಸಿಕ್ಕ 16 ಫ್ರೇಮಿನ ಚಿತ್ರವನ್ನು 48ರ ಫೈಲಿನಲ್ಲಿ ಇಟ್ಟೆ. ಪ್ರತಿ ಫ್ರೇಮೂ ಸರಿಯಾಗಿ ಮೂರು ಸಲ ಬರುತ್ತದೆ, ತಡವರಿಕೆ ಇಲ್ಲ. ತಾಳಕ್ಕೂ ಇದೇ ಲೆಕ್ಕ ಕೂಡಿಬರುತ್ತದೆ: ನಿಮಿಷಕ್ಕೆ 120 ಅಕ್ಷರದ (ತಾಳದ ಎಣಿಕೆಯ) ಗತಿಯಲ್ಲಿ ಒಂದು ಅಕ್ಷರಕ್ಕೆ ಮೂಲಚಿತ್ರದ 8 ಫ್ರೇಮ್. ಆದಿತಾಳದ ಆವರ್ತಕ್ಕೆ 64, ತ್ರಿವುಡೆಗೆ 56. ಪದ್ಯದ ಎತ್ತುಗಡೆ ಎಲ್ಲಿ, ಮುಕ್ತಾಯ ಎಲ್ಲಿ ಎಂಬುದನ್ನು ಕಾಗದದ ಮೇಲೆ ಫ್ರೇಮ್ ಸಂಖ್ಯೆಯಲ್ಲೇ ಬರೆದುಕೊಂಡು ಧ್ವನಿಮುದ್ರಣಕ್ಕೆ ಹೋದೆ.

ಕೃತಕ ಬುದ್ಧಿಮತ್ತೆಯಿಂದ ನಡುವಿನ ಫ್ರೇಮುಗಳನ್ನು ಹುಟ್ಟಿಸಿ ಚಲನೆಯನ್ನು ನಯಗೊಳಿಸುವ ಆಸೆ ಹಲವರಿಗಿದೆ. ಈ ಚಿತ್ರಕ್ಕೆ ಅದು ಸಲ್ಲದು. ಕೊಡೆಯ ಏಟಿಗೆ ಚಂದ್ರವಾಸಿ ಹೊಗೆಯಾಗುವ ಜಾದೂ ನಡೆಯುವುದು ಎರಡು ಫ್ರೇಮುಗಳ ನಡುವಿನ ಕತ್ತರಿಯಲ್ಲಿ: ನಟನನ್ನು ಹೊರಗೆ ಕಳಿಸಿ, ಹೊಗೆ ಹಾಕಿ, ತುಂಡುಗಳನ್ನು ಅಂಟಿಸಿದ್ದಾರೆ. ಯಂತ್ರ ಆ ಸಂದಿಗೆ ಹೊಸ ಫ್ರೇಮ್ ತುಂಬಿದರೆ ಮನುಷ್ಯ ಮೇಣದಂತೆ ಕರಗಿ ಹೊಗೆಯಾಗುತ್ತಾನೆ. ಮಾಯವಾಗುವ ಚುರುಕೇ ಹೋಯಿತು. ಮಿನುಗು ತೆಗೆಯುವ ಡಿಫ್ಲಿಕರ್ ಕೂಡ ಹೊಗೆಯ ಹೊಳಪನ್ನು ಮಂಕು ಮಾಡುತ್ತದೆ. ಅದನ್ನು 5 ಫ್ರೇಮಿನ ಅಳತೆಯಲ್ಲಿಟ್ಟು, ಹೊಗೆಯ ತುಣುಕುಗಳಲ್ಲಿ ಪೂರ್ತಿ ನಿಲ್ಲಿಸಿದೆ. ನಡುಕ ತೆಗೆಯುವಾಗ ಗುರುತಿನ ಬಿಂದುವನ್ನು ನಟರ ಮೇಲೆ ಇಡದೆ ಬಣ್ಣ ಬಳಿದ ಹಿನ್ನೆಲೆಯ ಮೇಲಿಡಿ. ಚಂದ್ರನ ಮುಖ ಹತ್ತಿರವಾಗುವ ದೃಶ್ಯಕ್ಕೆ ಮಾತ್ರ ಅದೂ ಬೇಡ. ಅಲ್ಲಿ ಕ್ಯಾಮೆರಾ ನಿಂತಲ್ಲೇ ಇದೆ, ಚಂದ್ರನನ್ನೇ ಮುಂದಕ್ಕೆ ಎಳೆದುತಂದಿದ್ದಾರೆ.

ವಿಜ್ಞಾನಿಗಳು ಕೂತು ಬಂದ ಗುಂಡು ಚಂದ್ರನ ಕಣ್ಣಿಗೆ ನಾಟುತ್ತದೆ. ಮರುದೃಶ್ಯದಲ್ಲಿ ಅದೇ ಗುಂಡು ಚಂದ್ರನೆಲದ ಮೇಲೆ ಮತ್ತೆ ಇಳಿಯುತ್ತದೆ. ತಪ್ಪೆಂದು ಎಣಿಸಿ ಎರಡನೆಯದನ್ನು ಕತ್ತರಿಸುವವರಿದ್ದಾರೆ. ನನ್ನ ಮಟ್ಟಿಗೆ ಇಡೀ ಚಿತ್ರದ ಬಾಗಿಲು ಅದೇ. ಒಂದೇ ಘಟನೆ, ಎರಡು ಕಡೆಯಿಂದ. ಮೊದಲ ಇಳಿತದವರೆಗೆ ಚೆಂಡೆ ಮದ್ದಳೆಯ ಅಬ್ಬರ. ಎರಡನೆಯದಕ್ಕೆ ಬರೀ ಶ್ರುತಿ, ಅದರ ಮೇಲೆ ಅರ್ಥಧಾರಿಯ ಮೊದಲ ಮಾತು: ‘ಕರೆಯದೆ ಬಂದಿರಿ. ಬಂದವರು ಕಣ್ಣಿಗೇ ಕಾಲಿಟ್ಟಿರಿ.’

ಮಾತಿನ ಕೆಳಗೆ ವಾದ್ಯವನ್ನು ತಗ್ಗಿಸಿ ಓಡಿಸುವ ಮಾಮೂಲಿ ಮಿಕ್ಸಿಂಗ್ ಇಲ್ಲಿ ಕೆಟ್ಟಿತು. ಚೆಂಡೆಯ ಪೆಟ್ಟು ಎಷ್ಟು ಇಳಿಸಿದರೂ ವ್ಯಂಜನಗಳನ್ನು ತಿಂದುಹಾಕುತ್ತದೆ. ತಾಳಮದ್ದಳೆಯ ಕ್ರಮಕ್ಕೇ ಮರಳಿದೆ: ಅರ್ಥ ಶುರುವಾದರೆ ವಾದ್ಯ ನಿಲ್ಲಬೇಕು. ಅರ್ಥದ ಗತಿ ನಿಮಿಷಕ್ಕೆ 90 ಪದ ಮೀರದಂತೆ ನೋಡಿಕೊಂಡೆ. ಮೀರಿದರೆ ಕಿವಿ ಚಿತ್ರವನ್ನು ಮರೆಸುತ್ತದೆ.

ಮೆರವಣಿಗೆಯಲ್ಲಿ ಚೆಂಡೆ ಮರಳುತ್ತದೆ, ಈ ಸಲ ಗೆದ್ದವರ ಪರವಾಗಿ. ಸೆರೆಯಾಳು ಕುಣಿಯುವಾಗ ಅವನ ಹೆಜ್ಜೆಗೆ ತಾಳ ಹೊಂದಿಸಲಿಲ್ಲ, 4 ಫ್ರೇಮ್ ಹಿಂದಿಟ್ಟೆ, ಅಂದರೆ ಅರ್ಧ ಅಕ್ಷರ. ಅವನು ಆ ತಾಳದವನಲ್ಲ ಎಂಬುದು ಕಿವಿಗೆ ಗೊತ್ತಾಗಲು ಅಷ್ಟು ಸಾಕು. ಕೊನೆಯಲ್ಲಿ ಕಾಣುವ ಪ್ರತಿಮೆಯ ಮೇಲೆ ‘ಶ್ರಮ ಎಲ್ಲವನ್ನೂ ಗೆಲ್ಲುತ್ತದೆ’ ಎಂಬ ಲ್ಯಾಟಿನ್ ವಾಕ್ಯವಿದೆ. ಅದನ್ನು ಕನ್ನಡದಲ್ಲಿ ಓದುವುದು ಭಾಗವತರಲ್ಲ, ಅರ್ಥಧಾರಿ.