ಖಾಲಿ ಪೆಟ್ಟಿಗೆಗೆ ಜೇನು ತಾನಾಗಿ ಬರುವಂತೆ ಮಾಡಿದ್ದು: ನನ್ನ ಅನುಭವ

ಮೊದಲ ವರ್ಷ ನಾಲ್ಕು ಖಾಲಿ ಪೆಟ್ಟಿಗೆ ಇಟ್ಟಿದ್ದೆ. ಒಂದಕ್ಕೂ ಜೇನು ಬರಲಿಲ್ಲ. ಎರಡರಲ್ಲಿ ಇರುವೆ ಸೇರಿಕೊಂಡವು, ಒಂದರಲ್ಲಿ ಹಲ್ಲಿ ಮೊಟ್ಟೆ ಇಟ್ಟಿತ್ತು, ನಾಲ್ಕನೆಯದು ಇಟ್ಟ ಹಾಗೇ ಇತ್ತು. ಯಾಕೆ ಅಂತ ಆಗ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಹೊಸ ಹಲಗೆಯ ಪೆಟ್ಟಿಗೆಗೆ ಒಳಗೂ ಹೊರಗೂ ಬಣ್ಣ ಬಳಿದಿದ್ದೆ. ದಿನಾ ನೋಡಲು ಸುಲಭವಾಗಲಿ ಅಂತ ಮೊಣಕಾಲೆತ್ತರದ ಸ್ಟ್ಯಾಂಡ್ ಮೇಲೆ ಇಟ್ಟಿದ್ದೆ. ಬಾಗಿಲು ಪೆಟ್ಟಿಗೆಯ ಅಗಲಕ್ಕೂ ತೆರೆದಿತ್ತು. ಎಲ್ಲವೂ ನನ್ನ ಅನುಕೂಲಕ್ಕೆ. ಮನೆ ನೋಡಲು ಬರುವ ಜೇನುನೊಣಕ್ಕೆ ಏನು ಬೇಕು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಜೇನು ಹಿಡಿಯುವುದು ಅಂತ ಬಾಯಿಮಾತಿಗೆ ಹೇಳುತ್ತೇವೆ. ಆದರೆ ಈ ವಿಧಾನದಲ್ಲಿ ನಾವು ಹಿಡಿಯುವುದು ಏನೂ ಇಲ್ಲ. ಸುತ್ತಲಿನ ಮರದ ಪೊಟರೆ, ಗೋಡೆಯ ಸಂದು, ಹಳೇ ಮಾಡು ಎಲ್ಲವನ್ನೂ ನೋಡಿ, ಅವಕ್ಕಿಂತ ನಮ್ಮ ಪೆಟ್ಟಿಗೆಯೇ ವಾಸಿ ಅಂತ ಜೇನೇ ಒಪ್ಪಬೇಕು. ಇದು ಮನಸ್ಸಿಗೆ ಹೋದ ಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕತ್ತಲೆಯ ಪೊಟರೆಯಲ್ಲಿ ಸಾಲಾಗಿ ಹಲವು ಎರಿ (ಮೇಣದ ಕೋಶಗಳ ತಟ್ಟೆ) ಕಟ್ಟುವ ಜೇನಿಗೆ ಮಾತ್ರ ಈ ಉಪಾಯ. ನಮ್ಮ ನಾಡಿನ ತುಡುವೆ ಬರುತ್ತದೆ, ಹೊರದೇಶದಿಂದ ತಂದು ಸಾಕುವ ಮೆಲ್ಲಿಫೆರಾ ಜೇನೂ ಬರುತ್ತದೆ. ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ ಕಟ್ಟುವಂಥವು. ಎಂಥ ಪೆಟ್ಟಿಗೆ ಇಟ್ಟರೂ ಅವು ಬರುವುದಿಲ್ಲ.

ಹೂವು ಜಾಸ್ತಿಯಾಗಿ ಗೂಡಿನಲ್ಲಿ ನೊಣ ಕಿಕ್ಕಿರಿದಾಗ ಕುಟುಂಬ ಪಾಲಾಗುತ್ತದೆ. ಹೊಸ ರಾಣಿಯ ಕೋಶಗಳಿಗೆ ಮುಚ್ಚಳ ಬೀಳುವ ಹೊತ್ತಿಗೆ ಹಳೇ ರಾಣಿಯ ಜೊತೆ ಅರ್ಧಕ್ಕಿಂತ ಹೆಚ್ಚು ನೊಣ ಹೊರಬೀಳುತ್ತವೆ. ಹೊರಡುವ ಮುನ್ನ ಹೊಟ್ಟೆ ತುಂಬ ಜೇನು ಕುಡಿದಿರುತ್ತವೆ. ಹತ್ತಿರದ ಕೊಂಬೆಯಲ್ಲಿ ಗೊಂಚಲಾಗಿ ಕೂರುತ್ತವೆ. ಆ ಗೊಂಚಲಿನಿಂದ ಕೆಲವು ನೂರು ಅನುಭವಿ ನೊಣ ಮಾತ್ರ ಮನೆ ಹುಡುಕಲು ಹೋಗುತ್ತವೆ. ಸ್ಕೌಟ್ ಅನ್ನುವುದು ಇವನ್ನೇ. ನಮ್ಮ ಪೆಟ್ಟಿಗೆ ಮೆಚ್ಚಬೇಕಾದವು ಇವು ಮಾತ್ರ.

ಈ ವಿಷಯ ಮೊದಲು ಗೊತ್ತಾದ ಬಗೆ ನನಗೆ ತುಂಬಾ ಇಷ್ಟ. 1949ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮಾರ್ಟಿನ್ ಲಿಂಡಾವರ್ ಎಂಬ ವಿಜ್ಞಾನಿ ಒಂದು ಗೊಂಚಲನ್ನು ನೋಡುತ್ತಾ ನಿಂತಿದ್ದರು. ಅದರ ಮೇಲೆ ಕುಣಿಯುತ್ತಿದ್ದ ನೊಣಗಳ ಮೈ ಕೊಳೆಯಾಗಿತ್ತು. ಒಂದಕ್ಕೆ ಮಸಿ, ಒಂದಕ್ಕೆ ಇಟ್ಟಿಗೆ ಪುಡಿ, ಒಂದಕ್ಕೆ ಹಿಟ್ಟು ಮೆತ್ತಿತ್ತು. ಹೂವಿಗೆ ಹೋಗಿ ಬಂದ ನೊಣ ಹೀಗೆ ಇರುವುದಿಲ್ಲ ಅಲ್ವಾ? ಅವು ಹೊಗೆಗೂಡು, ಗೋಡೆಯ ಬಿರುಕು ಹೊಕ್ಕು ನೋಡಿ ಬಂದು, ಆ ಜಾಗದ ದಾರಿಯನ್ನು ಕುಣಿದು ಹೇಳುತ್ತಿದ್ದವು. ಮುಂದೆ 1970ರ ದಶಕದಲ್ಲಿ ಅಮೆರಿಕದ ಥಾಮಸ್ ಸೀಲಿ ಕಾಡಿನ ಗೂಡುಗಳನ್ನು ಅಳೆದು, ಬೇರೆ ಬೇರೆ ಅಳತೆಯ ಪೆಟ್ಟಿಗೆ ಇಟ್ಟು, ಮೆಲ್ಲಿಫೆರಾ ಯಾವುದನ್ನು ಮೆಚ್ಚುತ್ತದೆ ಅಂತ ನೋಡಿದರು. ಸುಮಾರು 40 ಲೀಟರ್ ಜಾಗ, 10ರಿಂದ 15 ಚದರ ಸೆಂ.ಮೀ. ಬಾಗಿಲು, ಆ ಬಾಗಿಲು ಗೂಡಿನ ತಳದ ಕಡೆಗೆ, ನೆಲದಿಂದ ಚೆನ್ನಾಗಿ ಎತ್ತರ. ನನ್ನ ಮೊದಲ ವರ್ಷದ ಪೆಟ್ಟಿಗೆಗಳಲ್ಲಿ ಇವುಗಳಲ್ಲಿ ಒಂದೆರಡು ಬಿಟ್ಟರೆ ಉಳಿದದ್ದೆಲ್ಲ ತಪ್ಪಿತ್ತು.

ಎರಡನೇ ವರ್ಷ ಪೆಟ್ಟಿಗೆ ಬದಲಿಸಿದೆ. ಮೆಲ್ಲಿಫೆರಾಕ್ಕೆ ಹತ್ತು ಫ್ರೇಮಿನ (ಎರಿ ಕಟ್ಟಲು ಇಡುವ ಚೌಕಟ್ಟು) ಒಂದು ಸಂಸಾರ ಕೋಣೆ, ಅಂದರೆ ಮರಿ ಬೆಳೆಸುವ ಪೆಟ್ಟಿಗೆ, ಸಾಕು. ಅದು ಹೆಚ್ಚುಕಡಿಮೆ ಅದೇ 40 ಲೀಟರ್ ಆಗುತ್ತದೆ. ತುಡುವೆಗೆ ಅದರ ಅರ್ಧಕ್ಕಿಂತ ಚಿಕ್ಕದಿದ್ದರೂ ನಡೆಯುತ್ತದೆ. ಬಾಗಿಲಿಗೆ 4 ಸೆಂ.ಮೀ. ಅಗಲದ ದುಂಡು ತೂತು ಕೊರೆದೆ. ಲೆಕ್ಕ ಹಾಕಿದರೆ 12.5 ಚದರ ಸೆಂ.ಮೀ. ಬರುತ್ತದೆ. ತೂತಿಗೆ ಅಡ್ಡ ಒಂದು ಮೊಳೆ ಹೊಡೆದರೆ ಹಕ್ಕಿ ಒಳಗೆ ಗೂಡು ಕಟ್ಟುವುದಿಲ್ಲ. ಉಳಿದ ಸಂದುಗಳನ್ನೆಲ್ಲ ಮೇಣ, ಮಣ್ಣು, ಅಂಟುಪಟ್ಟಿ ಯಾವುದು ಸಿಕ್ಕಿತೋ ಅದರಿಂದ ಮುಚ್ಚಿದೆ. ಒಳಗೆ ಕತ್ತಲೆ ಇರಬೇಕು. ಮುಚ್ಚಳದ ಸಂದಿನಿಂದ ಬೆಳಕು ಬಂದರೆ ಅದು ನೊಣಕ್ಕೆ ಹರಿದ ಮನೆಯೇ. ಹಳೇ ಪೆಟ್ಟಿಗೆ ಇದ್ದರೆ ಅದನ್ನೇ ಇಡಿ. ಹಿಂದೆ ಜೇನು ಬಾಳಿದ ಪೆಟ್ಟಿಗೆಯ ವಾಸನೆಗೆ ಸಮ ಯಾವುದೂ ಇಲ್ಲ.

ಒಳಗೆ ಏನು ಇಡಬೇಕು ಅನ್ನುವುದರಲ್ಲಿ ನಾನು ಎರಡು ಸಲ ಎಡವಿದೆ. ಒಮ್ಮೆ ಫ್ರೇಮ್ ಇಲ್ಲದ ಬರೀ ಪೆಟ್ಟಿಗೆ ಇಟ್ಟಿದ್ದೆ. ಜೇನು ಬಂತು. ಆದರೆ ನಾನು ಊರಲ್ಲಿ ಇರಲಿಲ್ಲ. ಹತ್ತು ದಿನ ಬಿಟ್ಟು ಮುಚ್ಚಳ ಎತ್ತಿದರೆ ಎರಿಗಳೆಲ್ಲ ಮುಚ್ಚಳಕ್ಕೇ ಅಂಟಿ ಕಟ್ಟಿವೆ, ಅದರಲ್ಲಿ ಮರಿ ತುಂಬಿದೆ. ಕತ್ತರಿಸಿ ಫ್ರೇಮಿಗೆ ಕಟ್ಟುವಾಗ ಎಷ್ಟು ಮರಿ ಸತ್ತವೋ! ಆ ಸಂಕಟ ಈಗಲೂ ಮರೆತಿಲ್ಲ. ಇನ್ನೊಮ್ಮೆ ಜೇನು ತುಂಬಿದ್ದ ಎರಿ ಇಟ್ಟೆ, ಆಸೆಗೆ ಬರಲಿ ಅಂತ. ಬಂದದ್ದು ಬೇರೆ ಗೂಡಿನ ಕಳ್ಳ ನೊಣಗಳು ಮತ್ತು ಇರುವೆ. ಎರಡೇ ದಿನದಲ್ಲಿ ಎರಿ ಪುಡಿಪುಡಿ.

ಈಗ ಒಂದೇ ಒಂದು ಹಳೇ ಕಪ್ಪು ಎರಿ, ಜೇನೂ ಪರಾಗವೂ ಇಲ್ಲದ್ದು, ಒಂದು ಬದಿಯ ಗೋಡೆಗೆ ಒತ್ತಿ ಇಡುತ್ತೇನೆ. ಉಳಿದ ಫ್ರೇಮುಗಳಲ್ಲಿ ಮೇಲ್ಗಡೆ ಬೆರಳಗಲದ ಮೇಣದ ಹಾಳೆ ಪಟ್ಟಿ ಮಾತ್ರ. ಇಡೀ ಹಾಳೆ ಹಾಕುವುದಿಲ್ಲ. ಕಾರಣ ಇದೆ. ಸ್ಕೌಟ್ ಮೊದಲ ಸಲ ಒಳಹೊಕ್ಕಾಗ ಸುಮಾರು 40 ನಿಮಿಷ ಜಾಗ ಪರೀಕ್ಷೆ ಮಾಡುತ್ತದೆ. ಕತ್ತಲಲ್ಲಿ ಗೋಡೆ ಗೋಡೆ ನಡೆದು, ಒಳಗೇ ಚಿಕ್ಕದಾಗಿ ಹಾರಿ, ಎಷ್ಟು ಜಾಗ ಇದೆ ಅಂತ ಅಂದಾಜು ಮಾಡುತ್ತದೆ. ಹಾಳೆ ತುಂಬಿದ ಪೆಟ್ಟಿಗೆ ಅದಕ್ಕೆ ಇಕ್ಕಟ್ಟಾಗಿ ಕಾಣುತ್ತದೆ ಅನ್ನುವುದು ನನ್ನ ಅಂದಾಜು. ಪಟ್ಟಿಗೆ ಬದಲಿಸಿದ ಮೇಲೆ ನನ್ನಲ್ಲಿ ಜೇನು ಬರುವುದು ಹೆಚ್ಚಿದೆ.

ಹಳೇ ಎರಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ನಿಮಗೆ ಗೊತ್ತಿರುವ, ರೋಗವಿಲ್ಲದ ಕುಟುಂಬದ ಎರಿ ಮಾತ್ರ ಇಡಿ. ಮರಿ ಕೊಳೆಯುವ ಫೌಲ್‌ಬ್ರೂಡ್ ರೋಗದಲ್ಲಿ ಅಮೆರಿಕನ್ ಎಂದು ಕರೆಯುವ ಬಗೆಯ ಬೀಜಾಣುಗಳು ಎರಿಯಲ್ಲಿ, ಪೆಟ್ಟಿಗೆಯಲ್ಲಿ ದಶಕಗಳ ಕಾಲ ಬದುಕಿರುತ್ತವೆ. ಯಾರೋ ಬಿಟ್ಟಿ ಕೊಟ್ಟ ಎರಿ ಅಂತ ಇಟ್ಟರೆ ಬಂದ ಜೇನಿಗೂ ಆಪತ್ತು, ಸುತ್ತಲಿನ ಜೇನಿಗೂ ಆಪತ್ತು. ಮೇಣದ ಪತಂಗವೂ ಇದೇ ಎರಿಯನ್ನು ಹುಡುಕಿಕೊಂಡು ಬರುತ್ತದೆ. ನಾಲ್ಕು ವಾರಕ್ಕೊಮ್ಮೆ ನೋಡಿ ಬದಲಿಸುತ್ತೇನೆ.

ಮಜ್ಜಿಗೆ ಹುಲ್ಲಿನ ಎಣ್ಣೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೆಲಸ ಮಾಡುತ್ತದೆ. ನೊಣಗಳು ಹಿಂಭಾಗ ಎತ್ತಿ, ರೆಕ್ಕೆ ಬೀಸಿ, "ಇಲ್ಲಿ ಬನ್ನಿ" ಅಂತ ಬಿಡುವ ವಾಸನೆಯಲ್ಲಿ ಸಿಟ್ರಾಲ್ ಎಂಬ ನಿಂಬೆ ವಾಸನೆಯ ವಸ್ತು ಇರುತ್ತದೆ. ಈ ಎಣ್ಣೆಯಲ್ಲೂ ಅದೇ ಇದೆ. ಆದರೆ ಎರಡು ಮೂರು ಹನಿ ಸಾಕು. ಹತ್ತಿಗೆ ಹಾಕಿ, ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಯಿ ಸ್ವಲ್ಪ ತೆರೆದು ಒಳಗಿನ ಮೂಲೆಯಲ್ಲಿ ಇಡುತ್ತೇನೆ. ವಾರಗಟ್ಟಲೆ ನಿಧಾನವಾಗಿ ಬರುತ್ತಿರುತ್ತದೆ. ಪೆಟ್ಟಿಗೆಗೆಲ್ಲ ಸುರಿಯಬೇಡಿ. ಎಣ್ಣೆ ನೊಣವನ್ನು ಬಾಗಿಲ ತನಕ ಕರೆತರುತ್ತದೆ, ಅಷ್ಟೇ. ಒಳಗೆ ಮನೆ ಸರಿಯಿಲ್ಲದಿದ್ದರೆ ಅದು ಸುಮ್ನೆ ಹೊರಟುಹೋಗುತ್ತದೆ.

ಎತ್ತರದಲ್ಲಿ ನಾನು ರಾಜಿಯಾಗಿದ್ದೇನೆ. ಐದು ಮೀಟರ್ ಎತ್ತರ ಜೇನಿಗೆ ಇಷ್ಟ, ನಿಜ. ಆದರೆ ಜೇನು ಬಂದ ಮೇಲೆ ಆ ಪೆಟ್ಟಿಗೆಯನ್ನು ಮುಸ್ಸಂಜೆಯಲ್ಲಿ ಏಣಿ ಮೇಲಿಂದ ಇಳಿಸಬೇಕಲ್ಲ? ಒಂದು ವಾರ ಕಳೆದರೆ ಅದರ ತೂಕವೇ ಬೇರೆ. ಎಂಟು ಅಡಿಯ ಆಸುಪಾಸಿನಲ್ಲಿ, ಗಟ್ಟಿ ಕವಲಿನ ಮೇಲೋ ಗೋಡೆಗೆ ಹೊಡೆದ ಹಲಗೆಯ ಮೇಲೋ ಇಟ್ಟು ಹಗ್ಗದಿಂದ ಬಿಗಿಯುತ್ತೇನೆ. ನನಗೆ ಸಾಕಷ್ಟು ಜೇನು ಬಂದಿದೆ. ನೆರಳು ಮಾತ್ರ ಬಿಟ್ಟುಕೊಡಬೇಡಿ. ಬಾಗಿಲ ಮುಂದೆ ಹಾರಲು ತೆರವು ಇರಲಿ, ಪೆಟ್ಟಿಗೆ ದೂರದಿಂದ ಕಾಣುವಂತಿರಲಿ.

ಇಷ್ಟು ಮಾಡಿದ ಮೇಲೆ ಉಳಿಯುವುದು ನೋಡುವ ಕೆಲಸ. ನನಗೆ ಅತ್ಯಂತ ಖುಷಿ ಕೊಡುವುದು ಇದೇ. ಬಿಸಿಲು ಏರಿದ ಮೇಲೆ, ಹತ್ತು ಹನ್ನೊಂದರ ಹೊತ್ತಿಗೆ, ಒಂದೆರಡು ನೊಣ ಪೆಟ್ಟಿಗೆಯ ಸುತ್ತ ಸುಳಿಯುತ್ತವೆ. ಹೊರಗಿನ ಮೂಲೆ, ಸಂದು ಎಲ್ಲ ಮೂಸುತ್ತವೆ. ಬಾಗಿಲಲ್ಲಿ ಹೋಗಿ ಬಂದು, ಪೆಟ್ಟಿಗೆಗೆ ಮುಖ ಮಾಡಿ ಗಾಳಿಯಲ್ಲಿ ತೂಗಾಡಿ, ಮತ್ತೆ ಒಳಗೆ ಹೋಗುತ್ತವೆ. ಕಾಲಲ್ಲಿ ಪರಾಗದ ಉಂಡೆ ಇರುವುದಿಲ್ಲ. ಸಂಜೆಗೆ ಒಂದೂ ಇರುವುದಿಲ್ಲ. ಇವು ಸ್ಕೌಟುಗಳು. ಜೇನು ಬಂದೇಬಿಟ್ಟಿತು ಅಂತ ಹೊಸಬರು ಇಲ್ಲೇ ಮೋಸ ಹೋಗುತ್ತಾರೆ. ಪೆಟ್ಟಿಗೆ ಇಳಿಸಿಬಿಟ್ಟರೆ ಎಲ್ಲ ಕೆಟ್ಟಿತು.

ಎರಡನೇ ವರ್ಷದ ಒಂದು ಪೆಟ್ಟಿಗೆಗೆ ಮೊದಲ ದಿನ ಮೂರು ನೊಣ ಬಂದವು. ಮಾರನೆಯ ದಿನ ಒಂದೇ ಹೊತ್ತಿಗೆ ಇಪ್ಪತ್ತಕ್ಕೂ ಜಾಸ್ತಿ. ನಾನು ಊಟ ಬಿಟ್ಟು ಕಾದೆ. ಮೂರನೇ ದಿನ ಐದಾರು. ನಾಲ್ಕನೇ ದಿನ ಒಂದೂ ಇಲ್ಲ. ವಾರದ ನಂತರ ಇನ್ನೂರು ಹೆಜ್ಜೆ ಆಚೆ ಒಂದು ಮರದ ಪೊಟರೆಗೆ ನೊಣಗಳು ಪರಾಗ ಹೊತ್ತು ಹೋಗುವುದು ಕಂಡಿತು. ಅದೇ ಹಿಂಡೋ ಬೇರೆಯದೋ ಖಚಿತವಾಗಿ ಹೇಳಲಾರೆ. ಆದರೆ ಆ ಪೊಟರೆಯ ಎದುರು ನಿಂತು ನೋಡಿದಾಗ ನನ್ನ ಪೆಟ್ಟಿಗೆಯ ಕುಂದು ತಿಳಿಯಿತು. ಪೊಟರೆಗೆ ಇಡೀ ದಿನ ನೆರಳು. ನನ್ನ ಪೆಟ್ಟಿಗೆಗೆ ಮಧ್ಯಾಹ್ನ ಎರಡರ ಮೇಲೆ ನೇರ ಬಿಸಿಲು. ಅವತ್ತೇ ಪೆಟ್ಟಿಗೆಯನ್ನು ನೆರಳಿನ ಕವಲಿಗೆ ಏರಿಸಿದೆ.

ಸ್ಕೌಟುಗಳ ತೀರ್ಮಾನ ಆಗುವುದು ಹೀಗೆ: ಒಳ್ಳೆಯ ಜಾಗ ನೋಡಿ ಬಂದ ನೊಣ ಗೊಂಚಲಿನ ಮೇಲೆ ಹೆಚ್ಚು ಸುತ್ತು ಕುಣಿಯುತ್ತದೆ. ಅದನ್ನು ನೋಡಿ ಬೇರೆಯವು ಹೋಗಿ ತಾವೇ ನೋಡಿ ಬರುತ್ತವೆ. ಒಂದು ಜಾಗದಲ್ಲಿ ಒಂದೇ ಹೊತ್ತಿಗೆ ಇಪ್ಪತ್ತು ಮೂವತ್ತು ಸ್ಕೌಟ್ ಸೇರಿದರೆ ಸಾಮಾನ್ಯವಾಗಿ ಅಲ್ಲಿಗೆ ನಿರ್ಧಾರವಾದಂತೆ. ಆಗ ಅವು ಗೊಂಚಲಿಗೆ ಮರಳಿ ಉಳಿದವನ್ನು ಹಾರಲು ಎಬ್ಬಿಸುತ್ತವೆ. ಅದಕ್ಕೇ ಹಿಂಡು ಬರುವ ಸ್ವಲ್ಪ ಮುಂಚೆ ಪೆಟ್ಟಿಗೆಯ ಬಳಿ ನೊಣ ಕಡಿಮೆಯಾಗುತ್ತದೆ. ಗದ್ದಲ ಇದ್ದ ಬಾಗಿಲು ಇದ್ದಕ್ಕಿದ್ದಂತೆ ಖಾಲಿಯಾದರೆ ನಾನೀಗ ನಿರಾಶನಾಗುವುದಿಲ್ಲ. ಆಕಾಶ ನೋಡುತ್ತೇನೆ.

ನೆರಳಿಗೆ ಏರಿಸಿದ ಆ ಪೆಟ್ಟಿಗೆಗೆ ಎರಡು ವಾರದ ನಂತರ ಜೇನು ಬಂತು. ಮೊದಲು ಕೇಳಿದ್ದು ಸದ್ದು. ಆಮೇಲೆ ಮರದ ತುದಿಯ ಮೇಲಿಂದ ಒಂದು ಮೋಡ ಇಳಿಯಿತು. ಪೆಟ್ಟಿಗೆಯ ಮುಂಭಾಗವೆಲ್ಲ ನೊಣದಿಂದ ಮುಚ್ಚಿಹೋಯಿತು. ಬಾಗಿಲ ಬಳಿ ಒಂದಷ್ಟು ನೊಣ ಹಿಂಭಾಗ ಎತ್ತಿ ರೆಕ್ಕೆ ಬೀಸತೊಡಗಿದವು. ಕಾಲು ಗಂಟೆಯಲ್ಲಿ ಬಹುಪಾಲು ಒಳಗೆ ಸರಿದಿದ್ದವು. ನಾನು ಹತ್ತು ಅಡಿ ದೂರದಲ್ಲಿ ಕೈ ಕಟ್ಟಿ ನಿಂತಿದ್ದೆ. ಮಾಡಲು ನನಗೆ ಏನೂ ಕೆಲಸ ಇರಲಿಲ್ಲ.

ಆ ಹೊತ್ತಿನಲ್ಲಿ ಮುಟ್ಟಬೇಡಿ. ಕತ್ತಲಾಗಿ ಎಲ್ಲ ಒಳಗೆ ಸೇರಿದ ಮೇಲೆ ಬಾಗಿಲಿಗೆ ಗಾಳಿಯಾಡುವ ಜಾಲರಿ ಕಟ್ಟಿ ಇಳಿಸುತ್ತೇನೆ. ಹತ್ತಿರದಲ್ಲೇ ಇಡುವುದಾದರೆ ಬಂದ ರಾತ್ರಿಯೇ ಸಾಗಿಸುವುದು ಒಳ್ಳೆಯದು. ದಿನ ಕಳೆದಂತೆ ನೊಣಗಳಿಗೆ ಆ ಜಾಗ ಪಾಠವಾಗುತ್ತದೆ, ಆಮೇಲೆ ಸರಿಸಿದರೆ ಹಳೇ ಕವಲಿಗೇ ಮರಳಿ ಸಾಯುತ್ತವೆ. ಹೊಸ ಜಾಗದಲ್ಲಿ ಬಾಗಿಲ ಮುಂದೆ ಎಲೆಯಿರುವ ಒಂದು ಕೊಂಬೆ ಒರಗಿಸಿ. ಅಡ್ಡ ಸಿಕ್ಕಿದಾಗ ಅವು ತಿರುಗಿ ನಿಂತು ಜಾಗ ಗುರುತು ಮಾಡಿಕೊಳ್ಳುತ್ತವೆ. ಎರಡು ಮೂರು ದಿನ ತಡವಾಗಿದ್ದರೆ ಎಳೆ ಎರಿ ಬೆಣ್ಣೆಯಂತಿರುತ್ತದೆ, ಪೆಟ್ಟಿಗೆ ಓರೆಯಾಗದ ಹಾಗೆ ಹಿಡಿಯಿರಿ.

ಒಂದು ವಾರ ತೆರೆಯುವುದಿಲ್ಲ. ಪರಾಗ ಒಳಗೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಎಲ್ಲ ಸರಿ ಇದೆ ಅಂತ ಅರ್ಥ. ಒಮ್ಮೆ ಹತ್ತನೇ ದಿನ ನೋಡಿದೆ, ಮೊಟ್ಟೆ ಇರಲಿಲ್ಲ. ರಾಣಿ ಇಲ್ಲ ಅಂದುಕೊಂಡು ಬೇರೆ ಕುಟುಂಬದ ಜೊತೆ ಸೇರಿಸಿಬಿಟ್ಟೆ. ಸೇರಿಸುವಾಗ ಸತ್ತ ಚಿಕ್ಕ ರಾಣಿಯೊಂದು ಅಡಿಮಣೆಯ ಮೇಲೆ ಸಿಕ್ಕಿತು. ಅದು ಎರಡನೇ ಪಾಲು, ಅಂದರೆ ಹಳೇ ರಾಣಿ ಹೋದ ಮೇಲೆ ಹೊಸ ರಾಣಿಯ ಜೊತೆ ಹೊರಟ ಹಿಂಡು, ರಾಣಿ ಇನ್ನೂ ಕನ್ಯೆ. ಅಂಥ ರಾಣಿ ಹಾರಿ, ಕೂಡಿ, ಮೊಟ್ಟೆ ಇಡಲು ಎರಡು ಮೂರು ವಾರ ಬೇಕು. ಈಗ ನಾಲ್ಕು ವಾರ ಕಾಯುತ್ತೇನೆ. ಮೆಲ್ಲಿಫೆರಾ ಆದರೆ ಇನ್ನೊಂದು ಕೆಲಸ ಇದೆ. ಬಂದ ಹಿಂಡಿನಲ್ಲಿ ಮುಚ್ಚಿದ ಮರಿ ಇರುವುದಿಲ್ಲ, ಹಾಗಾಗಿ ವರೋವಾ ಉಣ್ಣಿಯೆಲ್ಲ ಮುಚ್ಚಿದ ಕೋಶದಲ್ಲಿ ಅಡಗದೆ ಬೆಳೆದ ನೊಣಗಳ ಮೈ ಮೇಲೇ ಇರುತ್ತದೆ. ಮೊದಲ ಮರಿಗೆ ಮುಚ್ಚಳ ಬೀಳುವ ಮುಂಚೆ, ಅಂದರೆ ಮೊದಲ ಎಂಟು ದಿನದೊಳಗೆ, ಉಣ್ಣಿಯ ಚಿಕಿತ್ಸೆ ಮಾಡಿದರೆ ಅದು ತುಂಬಾ ಚೆನ್ನಾಗಿ ನಾಟುತ್ತದೆ.

ಸೀಸನ್ ಮುಗಿದ ಕೂಡಲೇ ಜೇನು ಬರದ ಪೆಟ್ಟಿಗೆಗಳನ್ನೆಲ್ಲ ಇಳಿಸಿ, ಎರಿ ತೆಗೆದು, ಒಣ ಜಾಗದಲ್ಲಿ ಇಡುತ್ತೇನೆ. ಮೇಲೇ ಬಿಟ್ಟರೆ ಪತಂಗ, ಗೆದ್ದಲು, ಕಣಜ ಯಾವುದಾದರೂ ಸೇರಿಕೊಳ್ಳುತ್ತದೆ. ಎಲ್ಲಿ ಬಂತು, ಎಲ್ಲಿ ಬರಲಿಲ್ಲ, ಸ್ಕೌಟ್ ಯಾವ ದಿನ ಕಂಡವು ಅಂತ ಮುಚ್ಚಳದ ಒಳಗೇ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ನೆರಳಿನ ಆ ಕವಲಿಗೆ ಇದುವರೆಗೆ ಮೂರು ಸಲ ಜೇನು ಬಂದಿದೆ. ಈ ವರ್ಷವೂ ಮೊದಲು ಏರಿಸಿದ್ದು ಆ ಕವಲಿಗೇ.